ಮಗಳಿಗೆ ಕೊಂಡ ಆ್ಯಶ್ ಮರದ ಹರ್ಲಿ: ಬ್ಯಾಲಿಹೇಲ್ ಕಡೆಯ ಒಂದು ಶೆಡ್ಡಿನಿಂದ

ಐರ್ಲೆಂಡಿನಲ್ಲಿ ಮಕ್ಕಳನ್ನು ಹರ್ಲಿಂಗ್‌ಗೋ (ಕೋಲು, ಚೆಂಡಿನ ಐರಿಷ್ ಆಟ) ಕ್ಯಾಮೋಗಿಗೋ (ಅದೇ ಆಟ, ಹೆಣ್ಣುಮಕ್ಕಳದ್ದು) ಸೇರಿಸಿರುವ ಅಪ್ಪ ಅಮ್ಮಂದಿರೇ, ದಯವಿಟ್ಟು ಹರ್ಲಿಯನ್ನು, ಅಂದರೆ ಆಡುವ ಆ ಮರದ ಕೋಲನ್ನು, ಫೋಟೋ ನೋಡಿ ಆನ್‌ಲೈನಲ್ಲಿ ತರಿಸಬೇಡಿ. ನಾನು ತರಿಸಿದ್ದೆ. ಎರಡನೇ ವಾರದ ಪ್ರಾಕ್ಟೀಸಿನಲ್ಲೇ ಇನ್ನೊಂದು ಮಗುವಿನ ಹರ್ಲಿ ತಾಗಿ ಬುಡ ಸೀಳಿಹೋಯಿತು. ಒಂಬತ್ತು ವರ್ಷದ ಮಗಳು ಎರಡು ತುಂಡು ಹಿಡಿದುಕೊಂಡು ಅಳುತ್ತಾ ಬಂದಳು.

ಆಮೇಲೆ ಕೋಚ್ ಮಾತು ಕೇಳಿ ಬ್ಯಾಲಿಹೇಲ್ ಕಡೆಗೆ ಹೋದೆವು. ಕಿಲ್ಕೆನಿ ಕೌಂಟಿಯ ದಕ್ಷಿಣಕ್ಕಿರುವ ಪುಟ್ಟ ಹಳ್ಳಿ, ಕಾರಿನಲ್ಲಿ ಹೋದರೆ ಬಂದದ್ದೂ ಗೊತ್ತಾಗಲ್ಲ, ದಾಟಿದ್ದೂ ಗೊತ್ತಾಗಲ್ಲ. ಆದರೆ 1972ರಲ್ಲಿ ಶುರುವಾದ ಇಲ್ಲಿನ ಬ್ಯಾಲಿಹೇಲ್ ಶಾಮ್ರಾಕ್ಸ್ ಕ್ಲಬ್ 2023ರ ಹೊತ್ತಿಗೆ 9 ಸಲ ಆಲ್ ಐರ್ಲೆಂಡ್ ಕ್ಲಬ್ ಹರ್ಲಿಂಗ್ (ಇಡೀ ಐರ್ಲೆಂಡಿನ ಕ್ಲಬ್‌ಗಳ ಚಾಂಪಿಯನ್‌ಷಿಪ್) ಗೆದ್ದಿತ್ತು, ಅದರ ಹತ್ತಿರಕ್ಕೂ ಬೇರೆ ಯಾವ ಕ್ಲಬ್ ಬಂದಿರಲಿಲ್ಲ. ಕಿಲ್ಕೆನಿ ಕೌಂಟಿ ತಂಡದ ಪರ ಆಡಿ 10 ಆಲ್ ಐರ್ಲೆಂಡ್ ಪದಕ ಗೆದ್ದ ಹೆನ್ರಿ ಶೆಫ್ಲಿನ್ ಇದೇ ಊರಿನವರು. ಈ ಆಟಗಾರರಲ್ಲಿ ಯಾರಿಗೂ ಆಡಿದ್ದಕ್ಕೆ ಸಂಬಳ ಇಲ್ಲ. ಇಂಥ ಕಡೆ ಹರ್ಲಿ ಮಾಡುವವರು ಕೆಟ್ಟ ಮಾಲು ಕೊಟ್ಟು ತಪ್ಪಿಸಿಕೊಳ್ಳಲು ಆಗುವುದಿಲ್ಲ, ಕೊಂಡವರು ಭಾನುವಾರದ ಮ್ಯಾಚಿನಲ್ಲಿ ಎದುರಿಗೇ ಸಿಗುತ್ತಾರೆ ಅಲ್ವಾ!

ಅಂಗಡಿ ಅಂದರೆ ಮನೆ ಹಿಂದಿನ ಒಂದು ಶೆಡ್ಡು, ನೆಲದ ತುಂಬಾ ಮರದ ಹೊಟ್ಟು. ಆ ಯಜಮಾನರು ಮೊದಲು ಮಗಳನ್ನು ನಿಲ್ಲಿಸಿ, ಒಂದೊಂದೇ ಹರ್ಲಿಯನ್ನು ಅವಳ ಕಾಲಿನ ಪಕ್ಕಕ್ಕೆ ಹಿಡಿದು ಸೊಂಟದ ಮೂಳೆಗೆ ಬರುವುದನ್ನು ಆರಿಸಿದರು. 28 ಇಂಚು. ನಾನು ತರಿಸಿದ್ದು 30, ಬೆಳೀತಾಳೆ ಬಿಡು ಅಂತ. ಅದು ತಪ್ಪು.

ಆಮೇಲೆ ಹರ್ಲಿಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮರದ ಗೆರೆಗಳು ಹಿಡಿಯಿಂದ ನೇರವಾಗಿ ಇಳಿದು, ಬುಡದ ಅಗಲ ಭಾಗದಲ್ಲಿ ಅದರ ತಿರುವಿನ ಜೊತೆಗೇ ಬಾಗಿದ್ದವು. ಆ್ಯಶ್ ಮರದ ಬುಡ ಬೇರಿನ ಕಡೆಗೆ ಅಗಲವಾಗುವ ಜಾಗದಿಂದಲೇ ಹಲಗೆ ಕೊಯ್ಯುವುದು ಅದಕ್ಕೇ. ನಮ್ಮೂರಲ್ಲಿ ನೇಗಿಲಿಗೆ ತಾನಾಗಿ ಬಾಗಿದ ಮರವನ್ನೇ ಹುಡುಕುತ್ತಿದ್ದ ತಾತ ಥಟ್ಟನೆ ನೆನಪಾದರು. ಮುರಿದ ಹಳೇ ಹರ್ಲಿ ತೆಗೆದು ನೋಡಿದರೆ, ಗೆರೆ ಬಾಗದೆ ಬುಡಕ್ಕೆ ಅಡ್ಡ ಹೋಗಿತ್ತು. ಸೀಳಿದ್ದೂ ಅಲ್ಲೇ!

ಹಿಡಿ ಸ್ವಲ್ಪ ದಪ್ಪ ಅಂತ ಮಗಳು ಹೇಳಿದ ತಕ್ಷಣ ಅಲ್ಲೇ ಕೆತ್ತಿ ಸಣ್ಣ ಮಾಡಿ, ಹೊಸ ಗ್ರಿಪ್ ಸುತ್ತಿ, ಬುಡಕ್ಕೆ ತಗಡಿನ ಪಟ್ಟಿ ಹೊಡೆದು ಕೊಟ್ಟರು. 25 ಯೂರೋ. ಬೆಲೆ ಜಾಸ್ತಿ ಅನ್ನಿಸಲಿಲ್ಲ, ಯಾಕೆಂದರೆ ಆ್ಯಶ್ ಸಿಗುವುದೇ ಕಷ್ಟವಾಗಿದೆ. 2012ರಲ್ಲಿ ಐರ್ಲೆಂಡಿನಲ್ಲಿ ಕಾಣಿಸಿಕೊಂಡ ಡೈಬ್ಯಾಕ್ ಎಂಬ ಬೂಷ್ಟು ರೋಗ ಇಲ್ಲಿನ ಮರಗಳನ್ನು ಒಣಗಿಸುತ್ತಾ ಬಂದಿದೆ. ಬಿದಿರಿನ ಹರ್ಲಿಗಳೂ ಈಗ ಬಂದಿವೆ. ಮಗಳು ಗೆಳತಿಯದ್ದರಲ್ಲಿ ಆಡಿ ನೋಡಿದಳು, ಚೆಂಡು ತಾಗಿದಾಗ ಕೈಗೆ ಸಿಗುವ ಆ ಮೆತ್ತನೆಯ ಅನುಭವ ಆ್ಯಶ್‌ನದ್ದೇ ಬೇರೆ ಅಂತಾಳೆ.

ನಾಲ್ಕು ತಿಂಗಳಾಯಿತು, ಗಟ್ಟಿಯಾಗಿದೆ. ಗ್ರಿಪ್ ಮಾತ್ರ ಮಳೆಯಲ್ಲಿ ನೆಂದು ಬೇಗ ಸಡಿಲವಾಯಿತು, ಇಲ್ಲಿ ಮಳೆ ಇಲ್ಲದ ಪ್ರಾಕ್ಟೀಸ್ ಎಲ್ಲಿದೆ ಹೇಳಿ. ಹೊಸ ಸುತ್ತು ಒಂದು ಜಾಸ್ತಿ ಕೊಂಡಿಟ್ಟುಕೊಳ್ಳಿ. ಹರ್ಲಿಯನ್ನು ಹೀಟರ್ ಪಕ್ಕ ಒರಗಿಸಬೇಡಿ, ಮರ ಒಣಗಿ ಸೀಳುತ್ತದೆ. ಸಣ್ಣ ಬಿರುಕು ಬಿಟ್ಟರೆ ಅಲ್ಲಿಗೇ ಒಯ್ಯಿರಿ, ಅಂಟು ಹಾಕಿ ಪಟ್ಟಿ ಬಿಗಿದು ಕೊಡುತ್ತಾರಂತೆ. ಕಾರ್ಡ್ ನಡೆಯಲ್ಲ, ಕ್ಯಾಶ್ ತಗೊಂಡು ಹೋಗಿ. ಮಗುವನ್ನೂ ಕರ್ಕೊಂಡು ಹೋಗಿ, ಅಳತೆ ಬರೆದುಕೊಂಡು ಹೋದರೆ ಸಾಲದು.