ಹಳೇ ಕಾರು ತಗೊಳ್ಳೋ ಮುಂಚೆ ರಿಕಾಲ್ ಬಾಕಿ ಇದೆಯಾ ನೋಡಿ

ಸೆಕೆಂಡ್ ಹ್ಯಾಂಡ್ ಕಾರು ಅಂದ್ರೆ ಆರ್‌ಸಿ, ಇನ್ಶೂರೆನ್ಸ್, ಲೋನ್ ಬಾಕಿ, ಟಯರ್ ಎಲ್ಲ ನೋಡ್ತೀವಿ. ದೋಷ ಸರಿಮಾಡೋಕೆ ಕಂಪನಿಯೇ ವಾಪಸ್ ಕರೆದಿರೋ (ರಿಕಾಲ್) ಗಾಡಿನಾ ಅಂತ ಕೇಳೋರು ಕಮ್ಮಿ. ಮಾರೋರಂತೂ ಬಾಯಿ ಬಿಡಲ್ಲ.

ನನ್ನ ಪೆಟ್ರೋಲ್ ಕಾರು ಶಿರಾಡಿ ಘಾಟಿ ಏರುವಾಗ ತಿರುವಿನಲ್ಲೇ ಆಫ್ ಆಯ್ತು. ಹಿಂದೆ ಟ್ಯಾಂಕರ್. ಎಂಜಿನ್ ನಿಂತರೆ ಬ್ರೇಕ್‌ಗೆ ಸಿಗೋ ವ್ಯಾಕ್ಯೂಮ್ ಬಲವೂ ಹೋಗುತ್ತೆ. ಒಂದೆರಡು ಸಲ ಒತ್ತಿದ್ಮೇಲೆ ಪೆಡಲ್ ಗಟ್ಟಿಯಾಗುತ್ತೆ, ತುಂಬಾ ಜೋರಾಗಿ ತುಳಿದ್ರೇನೇ ಬ್ರೇಕ್ ಹಿಡಿಯೋದು. ನಾನು ಹ್ಯಾಂಡ್‌ಬ್ರೇಕ್ ಎಳೆದೆ, ಹೆಂಡತಿ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟಳು. ಸ್ವಲ್ಪ ಹೊತ್ತು ಬಿಟ್ಟು ಕೀ ತಿರುಗಿಸಿದ್ರೆ ಏನೂ ಆಗೇ ಇಲ್ಲವೇನೋ ಅನ್ನೋ ಹಾಗೆ ಸ್ಟಾರ್ಟ್!

ಗ್ಯಾರೇಜಿನವರು ಪೆಟ್ರೋಲ್ ಕಲಬೆರಕೆ ಅಂದ್ರು, ಪ್ಲಗ್ ಬದಲಿಸಿದ್ರು, ಬ್ಯಾಟರಿನೂ ಹೊಸದು ಹಾಕಿಸಿದ್ರು. ಮತ್ತೆ ಅದೇ ಕಥೆ. ಕೊನೆಗೆ ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹುಡುಗ ಚಾಸಿ ನಂಬರ್ ಹೊಡೆದು, "ಸಾರ್, ಇದಕ್ಕೆ ಫ್ಯೂಯಲ್ ಪಂಪ್ ಕ್ಯಾಂಪೇನ್ ಪೆಂಡಿಂಗ್ ಇದೆಯಲ್ಲ" ಅಂದ. ಅವರ ಭಾಷೆಯಲ್ಲಿ ಕ್ಯಾಂಪೇನ್ ಅಂದ್ರೆ ಇದೇ ರಿಕಾಲ್ ಕೆಲಸ. ಕಂಪನಿ ಕಾಗದ ಕಳಿಸಿದ್ದು ಮೊದಲನೇ ಓನರ್ ವಿಳಾಸಕ್ಕೆ! ಪಂಪ್ ಪುಕ್ಕಟೆ ಬದಲಾಯ್ತು. ಬ್ಯಾಟರಿ ದುಡ್ಡು ಹೋಗಿದ್ದು ಹೋಯ್ತು.

ಯಾವ ಕಂಪನಿ ಅಂತ ಕೇಳಬೇಡಿ, ಈ ದೋಷ ಒಬ್ಬರ ಸೊತ್ತಲ್ಲ. 2020ರಲ್ಲಿ ಮಾರುತಿ ಸುಜುಕಿ 1,34,885 ವ್ಯಾಗನ್‌ಆರ್, ಬಲೆನೊಗಳನ್ನು, 2024ರಲ್ಲಿ ಹೋಂಡಾ 90,468 ಕಾರುಗಳನ್ನು ಫ್ಯೂಯಲ್ ಪಂಪಿಗಾಗಿಯೇ ವಾಪಸ್ ಕರೆದಿದ್ದವು. ಪಂಪಿನೊಳಗೆ ತಿರುಗಿ ಪೆಟ್ರೋಲ್ ತಳ್ಳೋ ಪ್ಲಾಸ್ಟಿಕ್ ಚಕ್ರ (ಇಂಪೆಲ್ಲರ್) ಪೆಟ್ರೋಲ್ ಹೀರಿ ಉಬ್ಬಿದ್ರೆ ಸುತ್ತಲಿನ ಕವಚಕ್ಕೆ ತಾಗಿ ನಿಂತುಬಿಡುತ್ತೆ, ಎಂಜಿನ್‌ಗೆ ಪೆಟ್ರೋಲ್ ಸಿಗದೆ ಗಾಡಿ ಆಫ್ ಆಗುತ್ತೆ. ಏರ್‌ಬ್ಯಾಗ್ ಕಥೆ ಇನ್ನೂ ಭಯಾನಕ: ಟಕಾಟಾ ಅನ್ನೋ ಕಂಪನಿಯ ಏರ್‌ಬ್ಯಾಗ್ ಉಬ್ಬಿಸೋ ಅಮೋನಿಯಂ ನೈಟ್ರೇಟ್ ಸೆಕೆ, ತೇವಕ್ಕೆ ಕೆಟ್ಟು, ಅದನ್ನಿಟ್ಟಿರೋ ಲೋಹದ ಡಬ್ಬಿ ಒಡೆದಾಗ ಲೋಹದ ಚೂರು ಮುಖಕ್ಕೆ ಸಿಡಿದು ಜನ ಸತ್ತಿದ್ದಾರೆ. ನಮ್ಮ ಕರಾವಳಿ ಕಡೆ ಹಳೇ ಕಾರು ಹುಡುಕೋರು ಇದನ್ನ ಬಿಟ್ಟು ಮುಂದೆ ಹೋಗಬೇಡಿ.

ಆರ್‌ಸಿಯಲ್ಲಿರೋ 17 ಅಕ್ಷರದ ಚಾಸಿ ನಂಬರನ್ನ ಕಂಪನಿ ವೆಬ್‌ಸೈಟಿನಲ್ಲಿ ಹಾಕಿ ನೋಡಿ, ಇಲ್ಲಾಂದ್ರೆ ಸರ್ವಿಸ್ ಸೆಂಟರಿಗೇ ಫೋನ್ ಮಾಡಿ. ಕೇಳುವಾಗ ರಿಕಾಲ್ ಜೊತೆ ಕ್ಯಾಂಪೇನ್ ಅಂತಲೂ ಕೇಳಿ. ಅಡ್ವಾನ್ಸ್ ಕೊಡೋ ಮುಂಚೆ ನಂಬರ್ ಕೊಡಲ್ಲ ಅನ್ನೋ ಬ್ರೋಕರ್ ಸಿಕ್ಕಿದ್ರೆ ಆ ಗಾಡಿ ಬಿಟ್ಟುಬಿಡಿ. ತಗೊಂಡ್ಮೇಲೆ ನಿಮ್ಮ ಫೋನ್ ನಂಬರ್, ವಿಳಾಸನ ಕಂಪನಿಯಲ್ಲಿ ಬದಲಿಸಿಕೊಳ್ಳಿ. ಆರ್‌ಸಿ ನಿಮ್ಮ ಹೆಸರಿಗೆ ಆಯ್ತು ಅಂತ ಅದು ತಾನಾಗೇ ಬದಲಾಗುತ್ತೆ ಅಂದ್ಕೋಬೇಡಿ. ರಿಕಾಲ್ ಕೆಲಸಕ್ಕೆ ಲೇಬರ್ ಚಾರ್ಜ್ ಅಂತ ಬಿಲ್ ತೋರಿಸಿದ್ರೆ ಕೊಡಬೇಡಿ, ಕೆಲಸ ಆಗಿದ್ದನ್ನ ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡೇ ಕೀ ಇಸ್ಕೊಳ್ಳಿ.