ಮಲೆನಾಡಿನ ಮಳೆಗಾಲಕ್ಕೆ ಮಿಂಕಿ ಬಟ್ಟೆಯ ಹೊದಿಕೆ: ಹೊಲಿದು, ಬಳಸಿ ನೋಡಿದ ಅಭಿಪ್ರಾಯ

ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯೊಂದರಲ್ಲಿ ಮೀಟರ್ ಲೆಕ್ಕದಲ್ಲಿ ಕೊಂಡ ಮಿಂಕಿ ಎಂಬ ಮೆತ್ತನೆಯ ರೋಮದ ಬಟ್ಟೆಯನ್ನು ಅಡಿಭಾಗಕ್ಕೂ, ಹತ್ತಿಯ ತುಂಡುಗಳನ್ನು ಜೋಡಿಸಿದ ಬಟ್ಟೆಯನ್ನು ಮೇಲ್ಭಾಗಕ್ಕೂ ಇಟ್ಟು ಹೊಲಿದ ಹೊದಿಕೆ ನಮ್ಮ ತೀರ್ಥಹಳ್ಳಿ ಕಡೆಯ ಮನೆಯಲ್ಲಿ ಇಡೀ ಒಂದು ಮಳೆಗಾಲವನ್ನು ಕಂಡಿದೆ. ನಡುವೆ ಹತ್ತಿ ತುಂಬದೆ, ಎರಡೇ ಪದರದಲ್ಲಿ ಹೊಲಿಯುವುದಾದರೆ ಮಲೆನಾಡಿನವರು ಧಾರಾಳವಾಗಿ ಕೊಳ್ಳಬಹುದಾದ ಬಟ್ಟೆ ಇದು. ಹತ್ತಿ ಅಥವಾ ಫೈಬರ್ ಹಾಸನ್ನು ತುಂಬಿ ದಪ್ಪ ರಜಾಯಿ ಮಾಡುವ ಯೋಚನೆಯಿದ್ದರೆ ಮಾತ್ರ ಇದಕ್ಕೆ ಹಣ ಹಾಕಬೇಡಿ ಎನ್ನುತ್ತೇನೆ.

ಹೀಗೆನ್ನಲು ಕಾರಣ ನಮ್ಮ ಹವೆ. ಹಳೆಯ ಹತ್ತಿ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಕೌದಿಯಷ್ಟು ಹಿತವಾದ ಹೊದಿಕೆ ಇನ್ನೊಂದಿಲ್ಲ. ಆದರೆ ಆರಿದ್ರಾ ಮಳೆ ಹಿಡಿದ ಮೇಲೆ ಅದನ್ನು ಒಗೆದರೆ ಆಶ್ಲೇಷಾ ಮುಗಿಯುವವರೆಗೂ ಅದರ ಒಳಪದರಗಳ ತಣಸು ಹೋಗುವುದಿಲ್ಲ, ಒಗೆಯದೆ ಹಾಗೆಯೇ ಇಟ್ಟರೆ ಬೂಷ್ಟು ಹಿಡಿಯುತ್ತದೆ. ಸಾಮಾನ್ಯ ಹವೆಯಲ್ಲಿಯೇ ಹತ್ತಿ ತನ್ನ ತೂಕದ ಶೇಕಡಾ 7-8ರಷ್ಟು ತೇವವನ್ನು ಹಿಡಿದುಕೊಂಡಿರುತ್ತದೆ, ಪಾಲಿಯೆಸ್ಟರ್ ಹಿಡಿಯುವುದು ಶೇಕಡಾ ಅರ್ಧಕ್ಕಿಂತಲೂ ಕಡಿಮೆ. ಮಿಂಕಿ ಪೂರ್ತಿ ಪಾಲಿಯೆಸ್ಟರ್ ಎಳೆಯ ಹೆಣಿಗೆಯ ಬಟ್ಟೆಯಾದ್ದರಿಂದ, ಚೆನ್ನಾಗಿ ನೀರು ಬಸಿದು ಜಗಲಿಯ ತಂತಿಯ ಮೇಲೆ ಗಾಳಿಗೆ ಹರವಿದರೆ ಸುರಿಯುವ ಮಳೆಯಲ್ಲಿಯೂ ಒಣಗುತ್ತದೆ. ರೋಮಗಳ ನಡುವೆ ಗಾಳಿ ನಿಲ್ಲುವುದರಿಂದ ಬೆಚ್ಚಗೂ ಇರುತ್ತದೆ, ಕಂಬಳಿಯಂತೆ ಮೈಗೆ ಚುಚ್ಚುವುದೂ ಇಲ್ಲ.

ಹೊಲಿಯುವುದು ಮಾತ್ರ ತಾಳ್ಮೆ ಬೇಡುವ ಕೆಲಸ. ಈ ಬಟ್ಟೆಯ ರೋಮಕ್ಕೆ ಒಂದು ದಿಕ್ಕಿದೆ: ಅಂಗೈಯಿಂದ ಒಂದು ಕಡೆಗೆ ಸವರಿದರೆ ನುಣ್ಣಗೆ ಮಲಗಿ ಬಣ್ಣ ತಿಳಿಯಾಗಿ ಕಾಣುತ್ತದೆ, ಎದುರು ದಿಕ್ಕಿಗೆ ಸವರಿದರೆ ಎದ್ದು ನಿಂತು ಅದೇ ಬಣ್ಣ ಗಾಢವಾಗುತ್ತದೆ. ಎರಡು ತುಂಡುಗಳನ್ನು ಜೋಡಿಸುವಾಗ ಈ ದಿಕ್ಕು ಒಂದೇ ಇರದಿದ್ದರೆ ಒಂದೇ ತಾನಿನ ಬಟ್ಟೆ ಎರಡು ಬಣ್ಣದ್ದಾಗಿ ಕಾಣುತ್ತದೆ. ಕತ್ತರಿಸುವಾಗ ಬಟ್ಟೆಯನ್ನು ಮಡಿಸದೆ, ಹಿಂಬದಿಯನ್ನು ಮೇಲೆ ಮಾಡಿ ಒಂದೇ ಪದರದಲ್ಲಿ ಹಾಸಿಕೊಂಡು, ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿಯ ತುದಿಯಿಂದ ತಳದ ಹೆಣಿಗೆಯನ್ನಷ್ಟೇ ಬಿಡಿಸುತ್ತ ಹೋಗಬೇಕು. ಹಾಗೆ ಮಾಡಿದರೂ ಅಂಚಿನಿಂದ ಸಣ್ಣ ಎಳೆಗಳು ಉದುರಿ ಮೂಗಿಗೂ ಬಟ್ಟೆಬರೆಗೂ ಹತ್ತುತ್ತವೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕತ್ತರಿಸಿ, ತುಂಡುಗಳನ್ನು ಜಗಲಿಗೆ ಒಯ್ದು ಕೊಡವಿ, ಆಮೇಲೆ ಮಷೀನಿನ ಮುಂದೆ ಕುಳಿತುಕೊಳ್ಳುವುದು ಒಳ್ಳೆಯದು. ಕೆಲಸ ಮುಗಿದ ಕೂಡಲೇ ಬಾಬಿನ್ ಜಾಗವನ್ನು ಬ್ರಷ್ಷಿನಿಂದ ಚೊಕ್ಕ ಮಾಡದಿದ್ದರೆ ಎಣ್ಣೆಗೆ ಅಂಟಿದ ಎಳೆ ಮುದ್ದೆಗಟ್ಟಿ ಮುಂದಿನ ಹೊಲಿಗೆ ಕೆಡುತ್ತದೆ.

ಹತ್ತಿಯ ಮೇಲೆ ಇಟ್ಟಾಗ ಮಿಂಕಿ ಜಾರುತ್ತದೆ, ಅಡ್ಡಗಲಕ್ಕೆ ಎಳೆದರೆ ಹಿಗ್ಗುತ್ತದೆ. ಇಂಚಿಗೊಂದರಂತೆ ಗುಂಡುಪಿನ್ನು ಹಾಕಿ, ಅದರ ಮೇಲೊಂದು ಕಚ್ಚಾ ಹೊಲಿಗೆಯನ್ನು ಕೈಯಲ್ಲಿ ಓಡಿಸಿಯೇ ಮಷೀನಿಗೆ ಕೊಡಬೇಕು. 14ನೇ ನಂಬರಿನ ಬಾಲ್ ಪಾಯಿಂಟ್ (ದುಂಡು ತುದಿಯ) ಸೂಜಿ, ಪಾಲಿಯೆಸ್ಟರ್ ದಾರ, 3ರಿಂದ 3.5 ಮಿಲಿಮೀಟರ್ ಉದ್ದದ ಹೊಲಿಗೆ ಮತ್ತು ಅಂಚಿನಿಂದ ಅರ್ಧ ಇಂಚು ಒಳಗೆ: ಈ ಹದದಲ್ಲಿ ನಮ್ಮ ಕಾಲು ಮಷೀನಿನಲ್ಲಿಯೇ ಹೊಲಿಗೆ ಚೆನ್ನಾಗಿ ಬಂತು. ಮಷೀನಿಗೆ ವಾಕಿಂಗ್ ಫೂಟ್ (ಮೇಲಿನ ಬಟ್ಟೆಯನ್ನೂ ಹಿಡಿದು ಸರಿಸುವ ಪಾದ) ಹೊಂದುವುದಾದರೆ ಎರಡೂ ಬಟ್ಟೆ ಸಮವಾಗಿ ಸರಿಯುತ್ತವೆ. ಮೇಲಿನ ಹತ್ತಿ ಬಟ್ಟೆಯನ್ನು ಮೊದಲೇ ನೀರಿಗೆ ಹಾಕಿ ಒಣಗಿಸಿಕೊಳ್ಳುವುದನ್ನು ಯಾರೂ ಬಿಡಬಾರದು. ಹತ್ತಿ ಶೇಕಡಾ 3ರಿಂದ 5ರಷ್ಟು ಕುಗ್ಗುತ್ತದೆ, ಮಿಂಕಿ ಕುಗ್ಗುವುದಿಲ್ಲ, ಹಾಗಾಗಿ ಮೊದಲ ಒಗೆತಕ್ಕೇ ಹೊದಿಕೆ ಸುಕ್ಕುಗಟ್ಟಿಬಿಡುತ್ತದೆ.

ಅಂಗಡಿಯ ಸೇವೆಯ ಬಗ್ಗೆ ನನಗೆ ಅಸಮಾಧಾನವಿದೆ. ಅಗಲ 60 ಇಂಚು ಇದ್ದುದರಿಂದ 60ಕ್ಕೆ 90 ಇಂಚಿನ ಹೊದಿಕೆಗೆ ಎರಡೂವರೆ ಮೀಟರ್ ಸಾಕೆಂಬ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಕತ್ತರಿಸಿಕೊಟ್ಟವರು ಬಟ್ಟೆಯನ್ನು ಎರಡು ಮಡಿಕೆ ಮಾಡಿ ಒಂದೇ ಏಟಿಗೆ ಕತ್ತರಿ ಓಡಿಸಿದ್ದರಿಂದ ತುದಿ ಓರೆಯಾಗಿ, ನೇರ ಮಾಡುವಷ್ಟರಲ್ಲಿ ಉಳಿಕೆಯೆಲ್ಲ ಹೋಯಿತು. ಸಾದಾ ಪಾಪ್ಲಿನ್‌ಗಿಂತ ಸಾಕಷ್ಟು ಹೆಚ್ಚು ಬೆಲೆಯ ಬಟ್ಟೆಯನ್ನು ಮಾರುವವರು ಅದನ್ನು ಹಾಸಿ, ಅಳತೆಪಟ್ಟಿ ಇಟ್ಟು ಕತ್ತರಿಸುವಷ್ಟು ಗಮನವನ್ನಾದರೂ ಕೊಡಬೇಕು. ಕೊಳ್ಳುವವರು ಕಾಲು ಮೀಟರ್ ಹೆಚ್ಚಿಗೆ ಕೇಳುವುದು ಕ್ಷೇಮ.

ಬಳಕೆಯಲ್ಲಿ ಮುಖ್ಯವಾದ ಎಚ್ಚರಿಕೆ ಬೆಂಕಿಯದು. ಮಳೆಗಾಲದಲ್ಲಿ ಬಚ್ಚಲೊಲೆಯ ಮೇಲಿನ ಗಳುವಿಗೆ ಬಟ್ಟೆ ಹರವುವುದು ನಮ್ಮೂರಿನ ಮನೆಗಳಲ್ಲಿ ರೂಢಿ. ಪಾಲಿಯೆಸ್ಟರ್ ಶಾಖಕ್ಕೆ ಕರಗುವ ವಸ್ತುವಾದ್ದರಿಂದ ಈ ಹೊದಿಕೆಯನ್ನು ಅಲ್ಲಿಗೆ ಒಯ್ಯಲೇಬಾರದು. ಇಸ್ತ್ರಿಯನ್ನೂ ರೋಮದ ಮೇಲೆ ಇಡಬಾರದು. ತಣ್ಣೀರಿನಲ್ಲಿ, ಕಡಿಮೆ ಸೋಪಿನಲ್ಲಿ ಒಗೆಯಬೇಕು; ಕಂಫರ್ಟ್‌ನಂಥ ದ್ರಾವಣಗಳು ರೋಮಕ್ಕೆ ಹತ್ತಿ ಅದನ್ನು ಜಿಡ್ಡುಜಿಡ್ಡಾಗಿಸುತ್ತವೆ. ಬಾಣಂತನದ ಮನೆಗೆ ಉಡುಗೊರೆಯಾಗಿ ಹೊಲಿಯುವವರಿಗೆ ಒಂದು ಮಾತು: ಒಂದು ವರ್ಷದೊಳಗಿನ ಮಗು ಮಲಗಿರುವಾಗ ಸಡಿಲವಾದ ಹೊದಿಕೆ ಹತ್ತಿರ ಇರಬಾರದೆಂಬುದು ಮಕ್ಕಳ ವೈದ್ಯರ ಸಲಹೆ, ಆದ್ದರಿಂದ ಅದನ್ನು ಎಚ್ಚರವಿರುವ ಮಗುವಿಗೆ ನೆಲಕ್ಕೆ ಹಾಸಲು ಕೊಡಿ.

ಏಪ್ರಿಲ್-ಮೇ ತಿಂಗಳ ಸೆಕೆಗೆ ರೋಮದ ಬದಿ ಬೆವರು ಹೀರುವುದಿಲ್ಲ, ಆಗ ಹತ್ತಿಯ ಬದಿಯನ್ನು ಮೈಗೆ ತಿರುಗಿಸಿಕೊಳ್ಳಬೇಕಾಗುತ್ತದೆ. ಗುಳಿಗುಳಿಯಾಗಿ ಚುಕ್ಕಿ ಒತ್ತಿದ ಮಿಂಕಿ ನೋಡಲು ಚೆಂದವಾದರೂ ಮೊದಲ ಸಲ ಹೊಲಿಯುವವರು ಸಾದಾ ಮೈಯ, ಗಿಡ್ಡ ರೋಮದ ಬಟ್ಟೆಯನ್ನೇ ಆರಿಸಿಕೊಳ್ಳುವುದು ಲೇಸು. ರೋಮ ಉದ್ದವಾದಷ್ಟೂ ಜಾರುವುದು ಹೆಚ್ಚು, ಒಣಗುವುದು ನಿಧಾನ.