ಉಕ್ಕಿನಡ್ಕ ದಾರಿಯ ಭಟ್ರ ಹೋಟೆಲು: ಬನ್ಸು, ಕಷಾಯ, ಮತ್ತೆ ಎಲೆಕ್ಷನ್ ಮುಂಚಿನ ಮಂಡೆಬಿಸಿ

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವಾಗ ಉಕ್ಕಿನಡ್ಕ ಬರುವ ಮೊದಲು ಎಡಗಡೆಗೆ ಒಂದು ಹಂಚಿನ ಮಾಡಿನ ಹೋಟೆಲು ಉಂಟು. ಬೋರ್ಡು ಮಳೆಗೆ ಬಣ್ಣ ಹೋಗಿ ಓದ್ಲಿಕ್ಕೆ ಆಗುದಿಲ್ಲ, ಎಲ್ಲರೂ ಭಟ್ರ ಹೋಟೆಲು ಅಂತಲೇ ಹೇಳುದು, ಕಂಡಕ್ಟರಿಗೆ ಹಾಗೆ ಹೇಳಿದ್ರೆ ಸಾಕು ಅಲ್ಲೇ ಇಳಿಸ್ತಾರೆ. ನಾನು ಹನ್ನೊಂದು ವರ್ಷದಿಂದ ಹೋಗ್ತಾ ಇದ್ದೇನೆ, ಇಷ್ಟು ದಿನ ಬರೀಬೇಕು ಅಂತ ಅನಿಸಿರ್ಲಿಲ್ಲ, ಬರುವ ಶುಕ್ರವಾರ 2024ರ ಏಪ್ರಿಲ್ 26ಕ್ಕೆ ಲೋಕಸಭೆಯ ವೋಟು, ಈ ಒಂದು ತಿಂಗಳಿಂದ ಅಲ್ಲಿ ಕೂತು ಕೇಳಿದ್ದು ಮಾತಾಡಿದ್ದು ಎಲ್ಲ ತಲೆಯಲ್ಲಿ ತಿರುಗ್ತಾ ಉಂಟು, ಅದಕ್ಕೇ ಬರೀತಿದ್ದೇನೆ.

ಮೊದಲು ತಿಂಡಿ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೀತಾರೆ. ಬನ್ಸಿಗೆ ಹಾಕುದು ಚೆನ್ನಾಗಿ ಹಣ್ಣಾದ ಬಾಳೆಹಣ್ಣು, ಸೋಡಾ ಕಡಿಮೆ, ಹಾಗಾಗಿ ಹತ್ತು ಗಂಟೆಗೆ ತಿಂದ್ರೂ ರಬ್ಬರಿನ ಹಾಗೆ ಎಳೆಯುದಿಲ್ಲ. ಸಜ್ಜಿಗೆ-ಅವಲಕ್ಕಿ ಒಟ್ಟಿಗೆ ಕೇಳ್ಬೇಕು, ಅವಲಕ್ಕಿಗೆ ತೆಂಗಿನೆಣ್ಣೆ ಬೆಲ್ಲ ಹಾಕಿ ಕೈಯಲ್ಲೇ ಕಲಸಿದ್ದು, ಮೇಲೆ ಕಡ್ಲೆ ಗಸಿ ಸುರಿದು ಕೊಡ್ತಾರೆ. ಸಂಜೆ ನಾಲ್ಕಕ್ಕೆ ಗೋಳಿಬಜೆ, ಒಂದು ಬಾಣಲೆ ತೆಗೆದದ್ದು ಹತ್ತು ನಿಮಿಷದಲ್ಲಿ ಖಾಲಿ. ನಂಗೆ ಹೆಚ್ಚು ಇಷ್ಟ ಕಷಾಯ, ಕೊತ್ತಂಬರಿ ಜೀರಿಗೆ ಹುರಿದು ಮನೆಯಲ್ಲೇ ಪುಡಿ ಮಾಡುದು, ಪ್ಯಾಕೆಟಿಂದಲ್ಲ. ಈಗ ಏಪ್ರಿಲ್ ಅಲ್ವಾ, ಊಟಕ್ಕೆ ಕಾಟು ಮಾವಿನಹಣ್ಣಿನ ಗೊಜ್ಜು ಉಂಟು, ಕುಚ್ಚಿಲಕ್ಕಿ ಅನ್ನಕ್ಕೆ ಅದೊಂದು ಇದ್ರೆ ಬೇರೆ ಎಂಥದೂ ಬೇಡ.

ಜಾಗ ಸಣ್ಣದು. ಎಂಟು ಮೇಜು, ಎರಡು ಫ್ಯಾನು, ಅದ್ರಲ್ಲಿ ಒಂದು ಕಿರ್ ಕಿರ್ ಅಂತದೆ. ಕೈ ತೊಳೆಯುವ ಜಾಗ ಹಿಂದೆ ಉಂಟು, ಪ್ರಾಯದವರಿಗೆ ಆ ಮೆಟ್ಟಿಲು ಕಷ್ಟ, ಅದೊಂದು ಸರಿ ಮಾಡಿದ್ರೆ ಒಳ್ಳೇದು. ಕಾರು ನಿಲ್ಲಿಸ್ಲಿಕ್ಕೆ ಜಾಗ ಇಲ್ಲ, ಬೈಕಿಗೆ ತೊಂದರೆ ಇಲ್ಲ. ಗೂಗಲ್ ಪೇ ಉಂಟು.

ಬೇರೆ ಹೋಟೆಲುಗಳಲ್ಲಿ "ಇಲ್ಲಿ ರಾಜಕೀಯ ಮಾತಾಡಬಾರದು" ಅಂತ ಗೋಡೆಗೆ ಹಾಕಿರ್ತಾರಲ್ಲ, ಇಲ್ಲಿ ಅದಿಲ್ಲ. ಟಿವಿಯೂ ಇಲ್ಲ ಈಗ. ಮೊದಲು ಇತ್ತು, 2019ರಲ್ಲಿ ಕಾಶ್ಮೀರದ ಪುಲ್ವಾಮದಲ್ಲಿ ಜವಾನರ ಬಸ್ಸಿಗೆ ಬಾಂಬು ದಾಳಿ ಆದ ವಾರ ಅದ್ರಲ್ಲಿ ಆಂಕರುಗಳು ಬೊಬ್ಬೆ ಹೊಡೆಯುದು ಕೇಳಿ ಕೇಳಿ ಇಲ್ಲಿ ತಿಂಡಿ ತಿನ್ನುವವರೂ ಎದ್ದು ಕೈ ಕೈ ಮಿಲಾಯಿಸುವಷ್ಟಕ್ಕೆ ಬಂತು, ಭಟ್ರು ಅವತ್ತೇ ಟಿವಿ ಬಿಚ್ಚಿ ಒಳಗೆ ಇಟ್ಟರು. ಮಾತಾಡಿ, ಎಷ್ಟು ಬೇಕಾದ್ರೂ ಮಾತಾಡಿ, ಆದ್ರೆ ತಟ್ಟೆ ಮುಂದೆ ಒಬ್ಬರನ್ನೊಬ್ಬರು ಬೈಬೇಡಿ ಅಂತ ಅಷ್ಟೇ ಅವರ ಲೆಕ್ಕ. ಕಾಂಗ್ರೆಸ್, ಸಿಪಿಎಂ, ಬಿಜೆಪಿ ಮೂರೂ ಪಕ್ಷದವರು ಬರ್ತಾರೆ, ಬ್ಯಾರಿಗಳು ಬರ್ತಾರೆ, ಮರಾಟಿ ನಾಯ್ಕರು ಬರ್ತಾರೆ, ಹವ್ಯಕರು ಬರ್ತಾರೆ, ಒಂದೇ ಮೇಜಲ್ಲಿ ತುಳು ಮಲಯಾಳ ಕನ್ನಡ ಎಲ್ಲ ಆಗ್ತದೆ.

ಅಲ್ಲಿಗೆ ದಿನಾ ಬರುವ ಒಬ್ಬರು ಸಿಆರ್‌ಪಿಎಫ್‌ನಲ್ಲಿ (ಕೇಂದ್ರ ಮೀಸಲು ಪೊಲೀಸ್ ಪಡೆ) ಇದ್ದು ರಿಟೈರ್ ಆದವರು. ಕಿಟಕಿ ಹತ್ರದ ಮೇಜು, ಒಂದು ಖಾಲಿ ದೋಸೆ, ಒಂದು ಚಾ, ಮಾತು ಕಡಿಮೆ. ಮೊನ್ನೆ ಯಾರೋ ಹುಡುಗರು ಪ್ರಚಾರದ ನೋಟೀಸು ಹಂಚ್ಲಿಕ್ಕೆ ಬಂದವರು ದೇಶದ ಭದ್ರತೆ ದೇಶದ ಭದ್ರತೆ ಅಂತ ಹೇಳ್ತಾ ಇದ್ರು, ಇವರು ಮೆಲ್ಲ ಕೇಳಿದ್ರು, "ಪುಲ್ವಾಮದಲ್ಲಿ ಫೆಬ್ರವರಿ 14ಕ್ಕೆ ಆ ಕಾನ್ವೇಯಲ್ಲಿ ಎಷ್ಟು ಗಾಡಿ ಇತ್ತು ಗೊತ್ತುಂಟಾ ಮಗಾ?" ಹುಡುಗರಿಗೆ ಗೊತ್ತಿರ್ಲಿಲ್ಲ. 78 ಗಾಡಿ, ಹತ್ತಿರ ಹತ್ತಿರ 2500 ಜನ, ಜಮ್ಮುವಿಂದ ಶ್ರೀನಗರಕ್ಕೆ ಒಂದೇ ರಸ್ತೆಯಲ್ಲಿ. ಸ್ಫೋಟಕ ತುಂಬಿಸಿದ ಒಂದು ಕಾರು ಬಂದು ಬಸ್ಸಿಗೆ ಹೊಡೀತು, 40 ಜನ ಹೋದ್ರು. ಬಾಂಬ್ ಇಟ್ಟವರು ಯಾರು ಅಂತ ರಾಷ್ಟ್ರೀಯ ತನಿಖಾ ದಳ ಎನ್‌ಐಎ 2020ರಲ್ಲಿ ಚಾರ್ಜ್‌ಶೀಟ್ ಹಾಕಿತು, 19 ಜನರ ಹೆಸರು ಉಂಟು, ಅದು ಸರಿ. ಆದ್ರೆ ಅಷ್ಟು ದೊಡ್ಡ ಕಾನ್ವೇಯನ್ನ ಹಾಗೆ ರಸ್ತೆಯಲ್ಲಿ ಬಿಟ್ಟದ್ದಕ್ಕೆ ಈ ಕಡೆಯಿಂದ ಯಾರು ಜವಾಬ್ದಾರಿ? ಆಗ ಅಲ್ಲಿ ರಾಜ್ಯಪಾಲರಾಗಿದ್ದ ಸತ್ಯಪಾಲ್ ಮಲಿಕ್ ಅವರೇ 2023ರಲ್ಲಿ ಹೇಳಿದ್ರು, ಜವಾನರನ್ನ ಕರ್ಕೊಂಡು ಹೋಗ್ಲಿಕ್ಕೆ ವಿಮಾನ ಕೇಳಿದ್ದಕ್ಕೆ ಕೊಡ್ಲಿಲ್ಲ ಅಂತ. ಅವರು ಹೇಳಿದ್ದು ಸುಳ್ಳು ಅಂತಾದ್ರೆ ಸುಳ್ಳು ಅಂತ ಜನರ ಮುಂದೆ ದಾಖಲೆ ಇಡ್ಬೇಕು, ನಿಜ ಅಂತಾದ್ರೆ ಯಾರಾದ್ರೂ ಒಬ್ಬರು ಎದ್ದು ನಿಲ್ಬೇಕು. ಎರಡೂ ಆಗ್ಲಿಲ್ಲ. 2019ರ ಏಪ್ರಿಲ್ ಮೇಯಲ್ಲಿ ಎಲೆಕ್ಷನ್ ಆಯ್ತು, ಪುಲ್ವಾಮಕ್ಕೆ ಉತ್ತರ ಅಂತ ನಮ್ಮ ವಿಮಾನಗಳು ಪಾಕಿಸ್ತಾನದ ಬಾಲಾಕೋಟಿಗೆ ಬಾಂಬು ಹಾಕಿದ್ದು ಎಷ್ಟು ಸಭೆಯಲ್ಲಿ ಬಂತು ಅಂತ ಎಲ್ಲರೂ ಕೇಳಿದ್ದೇವೆ.

ಇದನ್ನ ಬರೆದ ಕೂಡ್ಲೇ ನನ್ನನ್ನ ಒಂದು ಪಕ್ಷಕ್ಕೆ ಕಟ್ಟುವವರು ಇದ್ದಾರೆ, ಹಾಗಾಗಿ ಹೇಳ್ತೇನೆ, ನಾನು ಇಷ್ಟರವರೆಗೆ ಮೂರು ಪಕ್ಷಕ್ಕೂ ವೋಟು ಹಾಕಿದವ. 2008ರಲ್ಲಿ ಮುಂಬಯಿಗೆ ಹತ್ತು ಜನ ಕಡಲಿಂದ ಬಂದು 166 ಜನರನ್ನ ಕೊಂದಾಗ ಕಾಂಗ್ರೆಸ್ ಸರ್ಕಾರದ ಮೇಲೆ ಬಂದ ಸಿಟ್ಟು ಇವತ್ತಿಗೂ ಹೋಗ್ಲಿಲ್ಲ. ಆದ್ರೂ ಅವತ್ತು ನವೆಂಬರ್ 30ಕ್ಕೆ ಗೃಹಮಂತ್ರಿ ಶಿವರಾಜ ಪಾಟೀಲರು ರಾಜೀನಾಮೆ ಕೊಟ್ರು. ಅದ್ರಿಂದ ಸತ್ತವರು ಬರ್ಲಿಲ್ಲ, ಸರಿ, ಆದ್ರೆ ತಪ್ಪಾಯ್ತು ಅಂತ ಒಂದು ಕುರ್ಚಿ ಖಾಲಿ ಆಯ್ತು. 1956ರಲ್ಲಿ ಅರಿಯಲೂರಲ್ಲಿ ರೈಲು ಬಿದ್ದದ್ದಕ್ಕೆ ಲಾಲ್ ಬಹದ್ದೂರ್ ಶಾಸ್ತ್ರಿಗಳು ಬಿಟ್ಟು ಹೋದ ಕಥೆ ನಾವು ಶಾಲೆಯಲ್ಲಿ ಓದಿದ್ದು. ಈಗ ಲಡಾಖಿನ ಗಾಲ್ವಾನಲ್ಲಿ 2020ರ ಜೂನ್ 15ಕ್ಕೆ ಚೀನಾದವರ ಜೊತೆಗಿನ ಹೊಡೆದಾಟದಲ್ಲಿ ನಮ್ಮ 20 ಜನ ಸೈನಿಕರು ಹೋದ್ರು, ನಾಲ್ಕು ದಿನ ಬಿಟ್ಟು ಸರ್ವಪಕ್ಷ ಸಭೆಯಲ್ಲಿ ಪ್ರಧಾನಿಯವರು ನಮ್ಮ ಗಡಿಯೊಳಗೆ ಯಾರೂ ಬರ್ಲಿಲ್ಲ ಅಂತ ಹೇಳಿದ್ರು. ಹಾಗಾದ್ರೆ ಆ ಸೈನಿಕರು ಎಲ್ಲಿ, ಯಾರನ್ನ ತಡೀಲಿಕ್ಕೆ ಹೋಗಿ ಸತ್ತದ್ದು? 2023ರ ಡಿಸೆಂಬರ್ 13ಕ್ಕೆ, 2001ರಲ್ಲಿ ಪಾರ್ಲಿಮೆಂಟಿಗೆ ದಾಳಿ ಆದ ಅದೇ ತಾರೀಕಿಗೆ, ಇಬ್ಬರು ಹುಡುಗರು ಗ್ಯಾಲರಿಯಿಂದ ಲೋಕಸಭೆಯೊಳಗೆ ಹಾರಿ ಬಣ್ಣದ ಹೊಗೆ ಬಿಟ್ರು. ಗೃಹಮಂತ್ರಿ ಸದನಕ್ಕೆ ಬಂದು ಹೇಳಿಕೆ ಕೊಡಿ ಅಂತ ಗಲಾಟೆ ಮಾಡಿದ ಪ್ರತಿಪಕ್ಷದವರು ಎರಡೂ ಸದನ ಸೇರಿ 146 ಜನ ಆ ಅಧಿವೇಶನದಲ್ಲಿ ಸಸ್ಪೆಂಡ್. ಗಲಾಟೆ ಮಾಡಿದ್ದು ನಂಗೂ ಇಷ್ಟ ಆಗುದಿಲ್ಲ, ಆದ್ರೆ ಕೇಳಿದ ಪ್ರಶ್ನೆ ಸರಿ ಇತ್ತಲ್ಲ ಮಾರಾಯ್ರೆ.

ಈ ವಿಷಯ ಬರುವಾಗ ನಂಗೆ ಇದೇ ಹೋಟೆಲಿನ ಚಟ್ನಿ ನೆನಪಾಗ್ತದೆ. ಹೋದ ತಿಂಗಳು ಒಂದು ದಿನ ಸೆಕೆಗೆ ಕಾಯಿ ಚಟ್ನಿ ಹುಳಿ ಬಂದಿತ್ತು. ಒಂದು ಹೆಂಗಸು ಮೂಸಿ ನೋಡಿ ಪಕ್ಕಕ್ಕೆ ಸರಿಸಿದ್ರು, ಏನೂ ಹೇಳ್ಲಿಲ್ಲ. ಭಟ್ರು ಕ್ಯಾಶಿಂದ ನೋಡಿದ್ರು, ಎದ್ದು ಬಂದು ಬೆರಳಲ್ಲಿ ಮುಟ್ಟಿ ನಾಲಗೆಗೆ ಇಟ್ಟರು, ಆಮೇಲೆ ಎಂಟು ಮೇಜಿಂದ್ಲೂ ಚಟ್ನಿ ಬಟ್ಟಲು ಅವರೇ ಎತ್ತಿದ್ರು. ಕೆಲಸದ ಹುಡುಗ ನಾನು ರುಬ್ಬಿದ್ದು ಅಂತ ಹೇಳ್ಲಿಕ್ಕೆ ಬಂದ, ಅವನನ್ನ ಒಳಗೆ ಕಳಿಸಿ "ಬೆಳಿಗ್ಗೆ ನಾನು ನೋಡ್ಬೇಕಿತ್ತು, ನೋಡ್ಲಿಲ್ಲ, ನನ್ನ ತಪ್ಪು" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದ್ರು. ತಿಂದವರ ಹತ್ರ ದುಡ್ಡು ತಗೊಳ್ಳಲಿಲ್ಲ. ಕಿಟಕಿ ಹತ್ರ ಕೂತಿದ್ದ ಆ ಸಿಆರ್‌ಪಿಎಫ್‌ನವರು ಅವರನ್ನೇ ನೋಡ್ತಾ ಇದ್ರು, ಸುಮಾರು ಹೊತ್ತಾದ ಮೇಲೆ ನನ್ನ ಹತ್ರ "ನಮ್ಮವರಿಗೆ ಯಾರಾದ್ರೂ ಇಷ್ಟು ಹೇಳಿದ್ರೆ ಆಗ್ತಿತ್ತು" ಅಂತ ಹೇಳಿ ಚಾದ ಲೋಟ ತಗೊಂಡು ಹೊರಗೆ ಹೋದ್ರು. ನಂಗೆ ಅವತ್ತು ಬನ್ಸು ಗಂಟಲಲ್ಲಿ ಇಳೀಲಿಲ್ಲ.

ಭದ್ರತೆ ಅಂದ್ರೆ ಕಾಶ್ಮೀರ ಲಡಾಖ್ ಮಾತ್ರ ಅಂತ ನಂಗೆ ಅನಿಸುದಿಲ್ಲ. ಗಡಿ ಅಂದ್ರೆ ಏನು ಅಂತ ಇಲ್ಲಿನವರು 2020ರ ಮಾರ್ಚಿನಲ್ಲಿ ಕೋವಿಡ್ ಬಂದಾಗ ನೋಡಿದ್ದೇವೆ. ಕರ್ನಾಟಕ ಗಡಿಯ ತಲಪಾಡಿ ಬಂದ್, ಕರ್ನಾಟಕಕ್ಕೆ ಹೋಗುವ ಒಳರಸ್ತೆಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದದ್ದು, ಮಂಗಳೂರಿನ ಆಸ್ಪತ್ರೆಗೆ ಹೋಗ್ಲಿಕ್ಕೆ ಆಗದೆ ನಮ್ಮ ಜಿಲ್ಲೆಯ ರೋಗಿಗಳು ಸತ್ತದ್ದು. ಏಪ್ರಿಲ್ 1ಕ್ಕೆ ಕೇರಳ ಹೈಕೋರ್ಟು ರಸ್ತೆ ತೆಗೆಸಿ ಅಂತ ಕೇಂದ್ರಕ್ಕೆ ಹೇಳ್ಬೇಕಾಯ್ತು, ಅದು ಸುಪ್ರೀಂ ಕೋರ್ಟಿಗೂ ಹೋಯ್ತು. ಒಂದೇ ದೇಶ, ಆಚೆ ಈಚೆ ಒಂದೇ ಭಾಷೆ, ಆಚೆ ಕರ್ನಾಟಕದ ಅಡ್ಯನಡ್ಕದಲ್ಲಿ ನಮ್ಮ ನೆಂಟರ ಮನೆ, ನಡುವೆ ಮಣ್ಣಿನ ರಾಶಿ. ನನ್ನ ಅಮ್ಮನ ಹಾರ್ಟಿನ ಮಾತ್ರೆ ಆಚೆಯಿಂದ್ಲೇ ಬರ್ಬೇಕಿತ್ತು, ಇನ್ನು ನಾಲ್ಕು ದಿನಕ್ಕೆ ಮಾತ್ರ ಉಂಟು ಅಂತಾದಾಗ ಭಟ್ರಿಗೆ ಫೋನು ಮಾಡಿದೆ, ಹೋಟೆಲು ಮುಚ್ಚಿತ್ತು, ಅವರು ಆಚೆ ಇದ್ದ ಅವರ ಭಾವನಿಗೆ ಹೇಳಿ ಮಾತ್ರೆ ತೆಗೆಸಿದ್ರು. ಆ ಭಾವ ಮಣ್ಣಿನ ರಾಶಿಯ ಆಚೆ ನಿಂತು ಪ್ಲಾಸ್ಟಿಕ್ ತೊಟ್ಟೆಗೆ ಒಂದು ಕಲ್ಲು ಹಾಕಿ ಕಟ್ಟಿ ಈಚೆ ಬಿಸಾಡಿದ್ರು, ನಾನು ಹಿಡ್ಕೊಂಡೆ. ಅಮ್ಮ ಈಗಲೂ ಆ ತೊಟ್ಟೆ ಎಸೆಯದೆ ಇಟ್ಟಿದ್ದಾರೆ.

ಆಗ ಮಂಗಳೂರಿಗೆ ಓಡ್ಬೇಕಾಗಿ ಬಂದದ್ದು ಯಾಕೆ? ಹೋಟೆಲಿಂದ ಸ್ವಲ್ಪ ಮುಂದೆ ಉಕ್ಕಿನಡ್ಕದಲ್ಲಿ ಕಾಸರಗೋಡು ಮೆಡಿಕಲ್ ಕಾಲೇಜು ಉಂಟಲ್ಲ, ಅದಕ್ಕೆ 2013ರ ನವೆಂಬರ್ 30ಕ್ಕೆ ಆಗಿನ ಮುಖ್ಯಮಂತ್ರಿ ಉಮ್ಮನ್ ಚಾಂಡಿಯವರು ಕಲ್ಲು ಹಾಕಿದ್ದು. ಕಾಂಗ್ರೆಸಿನವರ ಯುಡಿಎಫ್ ಹೋಗಿ ಎಡಪಕ್ಷಗಳ ಎಲ್‌ಡಿಎಫ್ ಬಂತು, ಎಲ್‌ಡಿಎಫ್ ಎರಡನೇ ಸಲವೂ ಬಂತು. 2020ರಲ್ಲಿ ಗಡಿ ಬಂದ್ ಆದಾಗ ಗಡಿಬಿಡಿಯಲ್ಲಿ ಅದರ ಒಂದು ಕಟ್ಟಡವನ್ನ ಕೋವಿಡ್ ಆಸ್ಪತ್ರೆ ಮಾಡಿದ್ರು, 2022ರಲ್ಲಿ ಒಪಿ (ಹೊರರೋಗಿ ವಿಭಾಗ) ಸುರುವಾಯ್ತು, ಮಲಗಿಸಿ ಚಿಕಿತ್ಸೆ ಕೊಡುವ ಆಸ್ಪತ್ರೆ 2024ರ ಈ ಎಲೆಕ್ಷನ್ ತನಕ ಆಗ್ಲಿಲ್ಲ. ಈ ಜಿಲ್ಲೆಯ ಗೇರು ತೋಟಗಳಿಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು, ಎಣ್ಮಕಜೆ ಸ್ವರ್ಗದ ಕಡೆಯ ಮಕ್ಕಳು ಇವತ್ತಿಗೂ ಹಾಸಿಗೆಯಲ್ಲಿ, ಸಂತ್ರಸ್ತರಿಗೆ ಐದು ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದ ಮೇಲೂ ಆ ತಾಯಂದಿರು ತಿರುವನಂತಪುರದ ಸೆಕ್ರೆಟೇರಿಯೇಟಿನ ಎದುರು ಹೋಗಿ ಕೂರ್ಬೇಕಾಯ್ತು. ಆ ಮಕ್ಕಳ ಜೀವ ದೇಶದ ಭದ್ರತೆಯೊಳಗೆ ಬರುದಿಲ್ವಾ? ಪ್ರಚಾರದ ಜೀಪು ಆ ಮೆಡಿಕಲ್ ಕಾಲೇಜಿನ ಎದುರಿಂದ್ಲೇ ಮೈಕ್ ಹಾಕ್ಕೊಂಡು ಹೋಗ್ತದೆ, ಮೂರು ಪಕ್ಷದ್ದೂ ಹೋಗ್ತದೆ, ದೆಲ್ಲಿ ವಿಷಯ ಎಲ್ಲ ಹೇಳ್ತಾರೆ, ಈ ಗೇಟಿನ ವಿಷಯ ಒಬ್ಬನೂ ಹೇಳುದಿಲ್ಲ.

ಅಣ್ಣನ ಮಗನದ್ದು ಇನ್ನೊಂದು ಸಂಕಟ. ಮಿಲಿಟರಿಗೆ ಸೇರ್ಬೇಕು ಅಂತ ಎರಡು ವರ್ಷ ಬೆಳಿಗ್ಗೆ ಐದಕ್ಕೆ ಗ್ರೌಂಡಲ್ಲಿ ಓಡ್ತಿದ್ದ, ಓಡಿ ಬಂದು ಇದೇ ಹೋಟೆಲಲ್ಲಿ ಎರಡು ಮೊಟ್ಟೆ ಕೊಡ್ತೀರಾ ಅಂತ ಕೇಳಿ ಭಟ್ರಿಂದ ಬೈಸಿಕೊಳ್ತಿದ್ದ (ಶುದ್ಧ ವೆಜ್ ಹೋಟೆಲು, ಮೊಟ್ಟೆ ಸಿಕ್ಕುದಿಲ್ಲ). ಕೋವಿಡಲ್ಲಿ ಭರ್ತಿ ನಿಂತೇ ಹೋಯ್ತು, 2022ರ ಜೂನಿನಲ್ಲಿ ಅಗ್ನಿಪಥ್ ಅಂತ ಬಂತು, ನಾಲ್ಕು ವರ್ಷದ ಕೆಲಸ, ನೂರರಲ್ಲಿ 25 ಜನರನ್ನ ಮಾತ್ರ ಇಟ್ಕೊಳ್ಳುದು, ಉಳಿದವರಿಗೆ ಹನ್ನೊಂದು ಚಿಲ್ಲರೆ ಲಕ್ಷ ಕೊಟ್ಟು ಕಳಿಸುದು, ಪೆನ್ಶನ್ ಇಲ್ಲ. ಅವನು ಶೂ ತೆಗೆದಿಟ್ಟು ಗಲ್ಫಿಗೆ ಹೋದ. ಈಗ ದುಬಾಯಲ್ಲಿ ಗೋಡೌನಿನಲ್ಲಿ ಇದ್ದಾನೆ. ದೇಶಕ್ಕೆ ಓಡ್ತೇನೆ ಅಂತ ಬಂದ ಹುಡುಗನಿಗೆ ಖಾಯಂ ಕೆಲಸ ಕೊಡ್ಲಿಕ್ಕೆ ಆಗುದಿಲ್ಲ ಅಂತ ಹೇಳಿದವರೇ ಅವನ ಹೆಸರು ಹೇಳಿ ವೋಟು ಕೇಳುದು ನಂಗೆ ಸಹಿಸ್ಲಿಕ್ಕೆ ಆಗುದಿಲ್ಲ.

ಕೊಟ್ಟವರ ಹೆಸರು ಜನರಿಗೆ ಗೊತ್ತಾಗದ ಹಾಗೆ ಪಕ್ಷಗಳಿಗೆ ದುಡ್ಡು ಕೊಡುವ ಎಲೆಕ್ಟೋರಲ್ ಬಾಂಡಿನ ವಿಷಯ ಒಂದು ಸಂಜೆಯಿಡೀ ಆಯ್ತು ಅಲ್ಲಿ. 2024ರ ಫೆಬ್ರವರಿ 15ಕ್ಕೆ ಸುಪ್ರೀಂ ಕೋರ್ಟು ಅದನ್ನ ರದ್ದು ಮಾಡಿದ್ದು ಒಳ್ಳೇದಾಯ್ತು, ಪಟ್ಟಿ ಹೊರಗೆ ಬಂದಾಗ ಅತೀ ಹೆಚ್ಚು ಕೊಟ್ಟದ್ದು ಲಾಟರಿ ಕಂಪೆನಿ ಅಂತ ಗೊತ್ತಾಯ್ತು. ನಮ್ಮ ಪೇಟೆಯಲ್ಲಿ ದಿನಾ ಬೆಳಿಗ್ಗೆ ಟಿಕೇಟು ಹಿಡ್ಕೊಂಡು ನಿಲ್ಲುವ ಕಾಲಿಲ್ಲದ ಅಜ್ಜ ಅವತ್ತು ಅಲ್ಲೇ ಕೂತಿದ್ರು, ಯಾರಿಗೂ ಹೆಚ್ಚು ಮಾತಾಡ್ಲಿಕ್ಕೆ ಆಗ್ಲಿಲ್ಲ.

ಕನ್ನಡದ ವಿಷಯ ಬರೆದ್ರೆ ಇದು ಮುಗಿಯುದಿಲ್ಲ. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರ್ಬೇಕು ಅಂತ ಗಡಿ ವಿವಾದದ ಮಹಾಜನ ವರದಿ 1967ರಲ್ಲಿ ಹೇಳಿದ್ದು, ಪ್ರತೀ ಎಲೆಕ್ಷನಿಗೆ ಅದನ್ನ ಒಮ್ಮೆ ಹೊರಗೆ ತೆಗೆದು ಧೂಳು ಹೊಡೆದು ವಾಪಸ್ ಇಡ್ತಾರೆ, ಕನ್ನಡ ಶಾಲೆಗೆ ಕನ್ನಡ ಬಾರದ ಮಾಷ್ಟ್ರು ಬರುದು ಮಾತ್ರ ನಿಲ್ಲುದಿಲ್ಲ. ಮೂಲೆ ಮೇಜಿನ ಒಬ್ಬ ಅಜ್ಜ ಯಾವಾಗ್ಲೂ ರಾಮಣ್ಣ ರೈಗಳ ನಂತರ ಕನ್ನಡದಲ್ಲಿ ಕಷ್ಟ ಹೇಳ್ಬಹುದಾದ ಎಂಪಿಯೇ ನಮ್ಗೆ ಸಿಕ್ಲಿಲ್ಲ ಅಂತಾರೆ, ಪಕ್ಷ ನೋಡಿ ಹೇಳುದಲ್ಲ ಅವರು, ಅವರದ್ದು ಬೇರೆ ಪಕ್ಷ.

ನಾನು ವೋಟು ಹಾಕದೆ ಕೂರುವವನಲ್ಲ. 2016ರ ಅಸೆಂಬ್ಲಿ ಎಲೆಕ್ಷನಿನಲ್ಲಿ ಮಂಜೇಶ್ವರದಲ್ಲಿ ಬರೀ 89 ವೋಟಿಗೆ ಫಲಿತಾಂಶ ಆದದ್ದು ನೋಡಿದವರು ಇಲ್ಲಿ ನಾವು, ಒಂದು ವೋಟಿನ ಬೆಲೆ ನಮ್ಗೆ ಯಾರೂ ಹೇಳಿಕೊಡ್ಬೇಕಾಗಿಲ್ಲ. ಯಾರಿಗೆ ಅಂತ ಇನ್ನೂ ನಿಶ್ಚಯ ಆಗ್ಲಿಲ್ಲ. ಮನೆಗೆ ಬಂದ ಮೂರೂ ಕಡೆಯವರ ಹತ್ರ ಒಂದೇ ಮಾತು ಕೇಳಿದ್ದೇನೆ, ನಿಮ್ಮವರ ಕಾಲದಲ್ಲಿ ಆದ ಯಾವ ಒಂದು ತಪ್ಪನ್ನ ನಿಮ್ಮವರು ಒಪ್ಪಿಕೊಂಡಿದ್ದಾರೆ ಹೇಳಿ ಅಂತ. ಇಬ್ಬರು ಆಚೆ ಪಕ್ಷದ ತಪ್ಪು ಹೇಳ್ಲಿಕ್ಕೆ ಸುರು ಮಾಡಿದ್ರು. ಮೂರನೆಯವ ಸಣ್ಣ ಹುಡುಗ, ಮನೆಯಲ್ಲಿ ಕೇಳಿ ಹೇಳ್ತೇನೆ ಅಂದ. ಶುಕ್ರವಾರದೊಳಗೆ ಬರ್ತಾನಾ ನೋಡ್ತೇನೆ.

ಹೋಟೆಲಿಗೆ ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ, ಅರ್ಧ ಹಿಡಿದದ್ದು ಆ ಹಿಂದಿನ ಮೆಟ್ಟಿಲಿಗೆ. 26ಕ್ಕೆ ಬೂತಿನ ಕ್ಯೂಗೆ ಬೇಗ ಹೋಗುವವರಿಗೆ ಅಂತ ಬೆಳಿಗ್ಗೆ ಐದೂವರೆಗೇ ಚಾ ಸಜ್ಜಿಗೆ ರೆಡಿ ಇರ್ತದೆ, ಹತ್ತರಿಂದ ಹನ್ನೊಂದೂವರೆ ತನಕ ಬಾಗಿಲು ಹಾಕ್ತಾರೆ, ಭಟ್ರು ಮತ್ತೆ ಕೆಲಸದವರು ವೋಟು ಹಾಕ್ಲಿಕ್ಕೆ ಹೋಗುದು. ಕಾಟು ಮಾವಿನ ಗೊಜ್ಜು ಹೆಚ್ಚೆಂದ್ರೆ ಮೇ ಮೊದಲ ವಾರದವರೆಗೆ, ಒಂದು ಗಂಟೆಯ ಮೊದಲು ಹೋಗಿ, ತಡ ಆದ್ರೆ ಪಾತ್ರೆ ತಳ ಕಾಣ್ತದೆ.